ಗುಡ್ಡದ ಪದರ, ಹಳ್ಳದ ಗುಂಡುಕಲ್ಲು

ಹಳೆಯ ಬಂಡೆಗಳ ಪುಡಿಯಿಂದ ಕಟ್ಟಿಕೊಂಡ ಹೊಸ ಬಂಡೆಯೇ ಕಣಶಿಲೆ. ಬಿಸಿಲು, ಮಳೆ, ಗಿಡಗಳ ಬೇರು ಬಂಡೆಯನ್ನು ಒಡೆದು ಹರಳು, ಮರಳು, ಜೇಡಿಯಾಗಿಸುತ್ತವೆ. ನೀರು ಅದನ್ನು ಹೊತ್ತು ಸಾಗಿ, ಹರಿವು ನಿಧಾನವಾದ ಕಡೆ ಇಳಿಸುತ್ತದೆ. ಮೇಲೆ ಬಿದ್ದ ಪದರಗಳ ಭಾರಕ್ಕೆ ಕೆಳಗಿನದು ಒತ್ತಿಕೊಳ್ಳುತ್ತದೆ. ಕಣಗಳ ಸಂದಿಗೆ ಇಳಿದ ಸಿಲಿಕ, ಸುಣ್ಣ, ಕಬ್ಬಿಣದ ಆಕ್ಸೈಡು ಅವನ್ನು ಬೆಸೆಯುತ್ತವೆ. ನೀರಿನಲ್ಲಿ ಕರಗಿದ್ದ ಸುಣ್ಣ ತಳಕ್ಕಿಳಿದು ಗಟ್ಟಿಯಾದ ಸುಣ್ಣಕಲ್ಲು ಕೂಡ ಇದೇ ಗುಂಪಿನದು. ಹೀಗೆ ಹುಟ್ಟಿದ ಕಲ್ಲಿನಲ್ಲಿ ಕಣ, ಅಂಟು, ಪದರ ಮೂರೂ ಕಣ್ಣಿಗೆ ಕಾಣುತ್ತವೆ. ಗುರುತು ಹಿಡಿಯಲು ಇವು ಸಾಕು. ಪ್ರಯೋಗಾಲಯದ ಅಗತ್ಯ ಬೀಳುವುದು ಅಪರೂಪ.

ಕರ್ನಾಟಕದ ಬಹುಪಾಲು ನೆಲ ಈ ಬಗೆಯದಲ್ಲ. ದಕ್ಷಿಣದ ಜಿಲ್ಲೆಗಳ ಅಡಿಪಾಯ ನೈಸ್ ಮತ್ತು ಗ್ರಾನೈಟ್. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಅಂಥ ನೈಸ್, ಅದರ ವಯಸ್ಸು ಮುನ್ನೂರು ಕೋಟಿ ವರ್ಷಕ್ಕೆ ಕಡಿಮೆಯಿಲ್ಲ. ಉತ್ತರದ ಅಂಚಿನಲ್ಲಿ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಕಪ್ಪುಕಲ್ಲಾಗಿ ಹರಡಿದೆ. ಇವೆರಡರ ನಡುವೆ ಕಣಶಿಲೆಗಳ ಎರಡು ದೊಡ್ಡ ಪ್ರದೇಶಗಳಿವೆ. ಒಂದು ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಹಬ್ಬಿರುವ ಕಲಾದಗಿ ಪ್ರದೇಶ. ಇನ್ನೊಂದು ಕಲಬುರಗಿ, ಯಾದಗಿರಿ ಕಡೆಯ ಭೀಮಾ ಪ್ರದೇಶ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲಿ ಪ್ರಕಟಿಸಿದ ದಕ್ಷಿಣ ಮರಾಠಾ ಸೀಮೆಯ ವರದಿಯಲ್ಲಿ ಕಲಾದಗಿ ಶಿಲೆಗಳ ವಿವರವಾದ ವರ್ಣನೆಯಿದೆ. ಕಣಶಿಲೆಯನ್ನು ಕಲಿಯಬಯಸುವ ಕನ್ನಡಿಗರಿಗೆ ಈ ಎರಡು ಪ್ರದೇಶಗಳಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಮರಳುಗಲ್ಲು, ಕ್ವಾರ್ಟ್ಸೈಟ್, ಗುಂಡುಕಲ್ಲುಗಳ ಶಿಲೆ, ಶೇಲ್, ಸುಣ್ಣಕಲ್ಲು, ಡಾಲೊಮೈಟ್ ಎಲ್ಲವೂ ಬಾದಾಮಿಯಿಂದ ಸೇಡಂವರೆಗಿನ ದಾರಿಯಲ್ಲಿ ಸಿಗುತ್ತವೆ.

ಗುರುತಿಸುವಾಗ ಮೊದಲ ತಪ್ಪು ದಾರಿ ಬಣ್ಣದ್ದು. ನೂರರಲ್ಲಿ ಒಂದೆರಡು ಪಾಲು ಕಬ್ಬಿಣದ ಆಕ್ಸೈಡು ಸೇರಿದರೂ ಬಿಳಿಯ ಮರಳುಗಲ್ಲು ಕೆಂಪಾಗುತ್ತದೆ. ಸುಣ್ಣಕಲ್ಲು ಬೂದು, ನೀಲಿ ಛಾಯೆ, ಗುಲಾಬಿ, ಕಪ್ಪು ಯಾವುದೂ ಆಗಿರಬಹುದು. ಬಿಸಿಲು ಮಳೆಗೆ ಒಡ್ಡಿಕೊಂಡ ಹೊರಮೈ ಇನ್ನೂ ಹೆಚ್ಚು ಮೋಸ ಮಾಡುತ್ತದೆ. ಆದ್ದರಿಂದ ನೋಡಬೇಕಾದದ್ದು ಹೊಸದಾಗಿ ಒಡೆದ ಮೈ. ಅದನ್ನು ಒದ್ದೆ ಮಾಡಿ, ಹತ್ತು ಪಟ್ಟು ಹಿಗ್ಗಿಸುವ ಕೈಮಸೂರವನ್ನು ಕಣ್ಣಿಗೆ ಒತ್ತಿ ಹಿಡಿದು, ಕಲ್ಲನ್ನೇ ಹತ್ತಿರ ತರಬೇಕು. ಆಗ ಮೊದಲು ಕೇಳಿಕೊಳ್ಳಬೇಕಾದದ್ದು ಕಣ ಕಾಣುತ್ತದೆಯೇ, ಕಂಡರೆ ಎಷ್ಟು ದೊಡ್ಡದು ಎಂಬುದು.

ಈ ಅಳತೆಗೆ ಜಗತ್ತಿನೆಲ್ಲೆಡೆ ಬಳಸುವ ಪಟ್ಟಿಯನ್ನು ಅಮೆರಿಕದ ಚೆಸ್ಟರ್ ವೆಂಟ್‌ವರ್ತ್ 1922ರಲ್ಲಿ ಕ್ರಮಗೊಳಿಸಿದ. ಅದರ ಪ್ರಕಾರ 2 ಮಿಲಿಮೀಟರಿನಿಂದ ಒಂದು ಮಿಲಿಮೀಟರಿನ ಹದಿನಾರನೇ ಒಂದು ಭಾಗದವರೆಗಿನ ಕಣ ಮರಳು. ಅದಕ್ಕಿಂತ ಸಣ್ಣದು ಹೂಳು, ಇನ್ನೂ ಸಣ್ಣದು ಜೇಡಿ. ಮೇಲಕ್ಕೆ ಹೋದರೆ 4ರಿಂದ 64 ಮಿಲಿಮೀಟರಿನದು ಸಣ್ಣ ಗುಂಡುಕಲ್ಲು, 256ರವರೆಗೆ ದೊಡ್ಡ ಗುಂಡುಕಲ್ಲು, ಅದನ್ನು ದಾಟಿದ್ದು ಗುಂಡು ಬಂಡೆ. ಮರಳಿನ ಕಣ ಬರಿಗಣ್ಣಿಗೆ ಕಾಣುತ್ತದೆ. ಹೂಳಿನ ಕಣ ಕಾಣದಿದ್ದರೂ ಚೂರನ್ನು ಹಲ್ಲಿನ ತುದಿಗೆ ಉಜ್ಜಿದರೆ ಕರಕರ ಎನ್ನುತ್ತದೆ, ಜೇಡಿ ನುಣ್ಣಗೆ ಜಾರುತ್ತದೆ. ಭೂವಿಜ್ಞಾನಿಗಳು ಬಯಲಿನಲ್ಲಿ ಇಂದಿಗೂ ಈ ಪರೀಕ್ಷೆ ಮಾಡುತ್ತಾರೆ. ಕಲ್ಲು ಶುಚಿಯಾಗಿದ್ದರೆ ಸಾಕು.

ಎರಡನೆಯದು ಗಡಸುತನ. ಜರ್ಮನಿಯ ಫ್ರೆಡ್ರಿಕ್ ಮೋಸ್ 1812ರಲ್ಲಿ ರೂಪಿಸಿದ ಒಂದರಿಂದ ಹತ್ತರ ಮಾಪಕದಲ್ಲಿ ಕೈಯುಗುರು ಸುಮಾರು 2.5, ಸುಣ್ಣಕಲ್ಲಿನ ಖನಿಜವಾದ ಕ್ಯಾಲ್ಸೈಟ್ 3, ಚಾಕುವಿನ ಉಕ್ಕು ಸುಮಾರು 5.5, ಬೆಣಚು ಅಂದರೆ ಕ್ವಾರ್ಟ್ಸ್ 7. ಚಾಕುವಿನ ತುದಿಯಿಂದ ಎಳೆದಾಗ ಕಲ್ಲಿನಲ್ಲೇ ಗೆರೆ ಬಿದ್ದರೆ ಅದು ಸುಣ್ಣಕಲ್ಲು, ಡಾಲೊಮೈಟ್ ಅಥವಾ ಶೇಲ್ ಇರಬಹುದು. ಕಲ್ಲಿನ ಮೇಲೆ ಉಕ್ಕಿನದೇ ಬೂದು ಗುರುತು ಉಳಿದರೆ ಅಲ್ಲಿರುವುದು ಸಿಲಿಕ. ಮರಳುಗಲ್ಲಿನಲ್ಲಿ ಮಾತ್ರ ಎಚ್ಚರ ಬೇಕು: ಅಂಟು ಸಡಿಲವಾಗಿದ್ದರೆ ಚಾಕು ಕಣಗಳನ್ನು ಕಿತ್ತು ಹಾಕಿ ಗೆರೆ ಬಿದ್ದಂತೆ ತೋರುತ್ತದೆ, ಆದರೆ ಬಿಡಿ ಕಣ ಗಾಜನ್ನೂ ಗೀರುತ್ತದೆ.

ಮೂರನೆಯದು ಹುಳಿಯ ಪರೀಕ್ಷೆ. ನೂರಕ್ಕೆ ಹತ್ತರ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿದ್ದೊಡನೆ ಸುಣ್ಣಕಲ್ಲು ನೊರೆಯುಕ್ಕಿಸುತ್ತದೆ; ಹೊರಬರುವುದು ಇಂಗಾಲದ ಡೈಆಕ್ಸೈಡು. ಡಾಲೊಮೈಟ್‌ನಲ್ಲಿ ಸುಣ್ಣದೊಂದಿಗೆ ಮೆಗ್ನೀಸಿಯಂ ಸೇರಿರುವುದರಿಂದ ಹನಿ ಸುಮ್ಮನೆ ಕೂರುತ್ತದೆ. ಅದೇ ಜಾಗವನ್ನು ಚಾಕುವಿನಿಂದ ಕೆರೆದು ಪುಡಿಯ ಮೇಲೆ ಹನಿ ಬಿಟ್ಟರೆ ಮೆಲ್ಲಗೆ ಗುಳ್ಳೆಗಳು ಏಳುತ್ತವೆ. ಆಮ್ಲ ಕೈಗೆ ಸಿಗದಿದ್ದರೆ ಸುಣ್ಣಕಲ್ಲಿನ ಪುಡಿಗೆ ನಿಂಬೆರಸ ಬಿಟ್ಟು ಮಸೂರದಲ್ಲಿ ನೋಡಬಹುದು. ಶಹಾಬಾದ್ ಸುಣ್ಣಕಲ್ಲು ಹಾಸಿದ ಅಡುಗೆಮನೆಗಳಲ್ಲಿ ಈ ಪರೀಕ್ಷೆ ದಿನವೂ ತಾನಾಗಿ ನಡೆಯುತ್ತಿರುತ್ತದೆ. ಹುಣಸೆಹುಳಿ, ನಿಂಬೆರಸ ಬಿದ್ದಲ್ಲಿ ಹೊಳಪು ಹೋಗಿ ಮಂಕು ಕಲೆ ಉಳಿಯುತ್ತದೆ. ಅದು ಕೊಳೆಯಲ್ಲ. ಕಲ್ಲೇ ಕೊಂಚ ಕರಗಿಹೋಗಿರುವ ಗುರುತದು, ಎಷ್ಟು ತಿಕ್ಕಿದರೂ ಹೋಗದು.

ಇಷ್ಟು ತಿಳಿದ ಮೇಲೆ ಬಾದಾಮಿಯ ಗುಡ್ಡಕ್ಕೆ ಬರಬಹುದು. ಅಲ್ಲಿನ ಕೆಂಪು ಬಂಡೆ ಮರಳುಗಲ್ಲು. ಒಡೆದ ಮೈಯಲ್ಲಿ ಬೆಣಚಿನ ಕಣಗಳು ಬಿಡಿಬಿಡಿಯಾಗಿ ಮಿನುಗುತ್ತವೆ, ಬೆರಳಿಗೆ ಒರಟಾಗಿ ತಾಗುತ್ತವೆ, ಕೆಲವು ಕಡೆ ಉಜ್ಜಿದರೆ ಉದುರುತ್ತವೆ. ಬಂಡೆ ಬಿರುಕು ಬಿಡುವುದು ಕಣಗಳನ್ನು ಸುತ್ತಿಕೊಂಡು, ಕಣವನ್ನು ಸೀಳಿ ಅಲ್ಲ. ಕೆಂಪು ಕಣಗಳದಲ್ಲ, ಕಣಗಳಿಗೆ ಮೆತ್ತಿದ ಕಬ್ಬಿಣದ ಆಕ್ಸೈಡಿನದು. ಬೆಣಚಿನ ನಡುವೆ ಗುಲಾಬಿ ಬಣ್ಣದ, ಚಪ್ಪಟೆ ಮುಖದಿಂದ ಬೆಳಕು ಹೊಳೆಸುವ ಕಣಗಳು ಹೇರಳವಾಗಿದ್ದರೆ ಅವು ಫೆಲ್ಡ್‌ಸ್ಪಾರ್. ಅಂಥ ಕಲ್ಲಿಗೆ ಆರ್ಕೋಸ್ ಎಂದು ಹೆಸರು. ಫೆಲ್ಡ್‌ಸ್ಪಾರ್ ಬೇಗ ಕೊಳೆತು ಜೇಡಿಯಾಗುವ ಖನಿಜವಾದ್ದರಿಂದ, ಅದು ಉಳಿದಿದೆ ಎಂದರೆ ಕಣಗಳ ತವರಾದ ಗ್ರಾನೈಟ್ ಗುಡ್ಡ ಹತ್ತಿರದಲ್ಲೇ ಇತ್ತು ಎಂದರ್ಥ.

ಈ ಗುಡ್ಡದಲ್ಲಿ ಕೊರೆದ ಗುಹಾಲಯಗಳಲ್ಲಿ ಮೂರನೆಯದನ್ನು ಚಾಲುಕ್ಯರ ಮಂಗಳೇಶ ಕ್ರಿ.ಶ. 578ರಲ್ಲಿ ಪೂರ್ಣಗೊಳಿಸಿದ್ದನ್ನು ಅಲ್ಲಿನ ಶಾಸನವೇ ಹೇಳುತ್ತದೆ. ಅಷ್ಟು ದೊಡ್ಡ ಕಂಬ, ಅಷ್ಟು ನಯದ ಶಿಲ್ಪಗಳನ್ನು ಬಂಡೆಯಲ್ಲೇ ಕೊರೆಯಲು ಸಾಧ್ಯವಾದದ್ದಕ್ಕೆ ಶಿಲ್ಪಿಗಳ ಕೈಯಷ್ಟೇ ಕಲ್ಲಿನ ಗುಣವೂ ಕಾರಣ. ಪದರಗಳು ದಪ್ಪ, ಬಹುಮಟ್ಟಿಗೆ ಅಡ್ಡ ಮಲಗಿವೆ, ಕಣ ಸಮನಾಗಿದೆ, ಗ್ರಾನೈಟಿಗಿಂತ ಉಳಿಗೆ ಬೇಗ ಒಗ್ಗುತ್ತದೆ. ಭೂವಿಜ್ಞಾನಿಗಳು ಈ ಪದರಕ್ಕೆ ಇಟ್ಟ ಔಪಚಾರಿಕ ಹೆಸರೇ ಕೇವ್ ಟೆಂಪಲ್ ಅರೆನೈಟ್.

ಅದೇ ಗುಡ್ಡದ ಗೋಡೆಗಳಲ್ಲಿ ಇನ್ನೊಂದು ಸಂಗತಿಯನ್ನು ತಪ್ಪದೆ ನೋಡಬೇಕು. ಅಡ್ಡ ಪದರಗಳ ಒಳಗೆ ಓರೆಯಾದ ಸಣ್ಣ ಗೆರೆಗಳ ಗುಂಪುಗಳಿವೆ, ಒಂದು ಗುಂಪಿನ ಮೇಲೆ ಇನ್ನೊಂದು. ಇದು ಓರೆಪದರ. ಹರಿವ ನೀರು ಮರಳಿನ ದಿಣ್ಣೆಯ ಬೆನ್ನ ಮೇಲೆ ಕಣಗಳನ್ನು ಉರುಳಿಸಿ ಮುಂದಿನ ಇಳಿಜಾರಿಗೆ ಚೆಲ್ಲಿದಾಗ ಒಂದೊಂದು ಓರೆಗೆರೆ ಮೂಡುತ್ತದೆ. ಗೆರೆಗಳು ಇಳಿಯುವ ದಿಕ್ಕೇ ಆ ಕಾಲದ ಹರಿವಿನ ದಿಕ್ಕು. ಗೆರೆಯ ಮೇಲ್ತುದಿ ಸಾಮಾನ್ಯವಾಗಿ ಕತ್ತರಿಸಿದಂತೆ ಮೊಟಕಾಗಿ, ಕೆಳತುದಿ ಬಾಗಿ ತಳಕ್ಕೆ ಮೆಲ್ಲಗೆ ಸೇರುತ್ತದೆ. ಆದ್ದರಿಂದ ಮಡಿಕೆ ಬಿದ್ದು ತಲೆಕೆಳಗಾದ ಬಂಡೆಯಲ್ಲೂ ಮೂಲದಲ್ಲಿ ಮೇಲಿದ್ದ ಮುಖ ಯಾವುದೆಂದು ಇದರಿಂದ ಹೇಳಬಹುದು. ಪದರದ ಮುಖದ ಮೇಲೆ ಕಾಣುವ ಅಲೆಯ ಗುರುತುಗಳೂ ಹೀಗೆಯೇ ಮಾತಾಡುತ್ತವೆ: ಅಲೆಯ ಎರಡು ಬದಿಯೂ ಸಮನಾಗಿದ್ದರೆ ಹಿಂದೆ ಮುಂದೆ ತೂಗುವ ನೀರು, ಒಂದು ಬದಿ ಕಡಿದಾಗಿದ್ದರೆ ಒಂದೇ ಕಡೆಗೆ ಹರಿದ ನೀರು. ಮನುಷ್ಯನಿರಲಿ, ನೆಲದ ಮೇಲೆ ಹುಲ್ಲೂ ಇಲ್ಲದ ಕಾಲದಲ್ಲಿ ಹರಿದ ಹೊಳೆಯ ದಿಕ್ಕನ್ನು ಇಂದು ಅಂಗೈಯಿಂದ ತೋರಿಸಬಹುದು ಎಂಬುದು ನಿಜಕ್ಕೂ ದೊಡ್ಡ ವಿಷಯ.

ಮರಳುಗಲ್ಲಿನ ನಂಟನಾದ ಕ್ವಾರ್ಟ್ಸೈಟ್ ಸವದತ್ತಿಯ ಕಡೆ ಸಿಗುತ್ತದೆ. ನವಿಲುತೀರ್ಥದಲ್ಲಿ ಮಲಪ್ರಭೆ ಕೊರೆದುಕೊಂಡು ಹೋದ ಕಮರಿಯ ಗೋಡೆಗಳು ಇದರವು. ನದಿಗೆ ಅಡ್ಡಲಾಗಿ ಅಣೆಕಟ್ಟು ಕಟ್ಟಲು ಆ ಗಟ್ಟಿ ಕಿರಿದಾರಿ ಒದಗಿತು. ಇಲ್ಲೂ ಕಣ ಬೆಣಚಿನದೇ, ಆದರೆ ಸಂದಿಗಳನ್ನೆಲ್ಲ ಸಿಲಿಕ ತುಂಬಿ ಇಡೀ ಕಲ್ಲು ಒಂದೇ ಆಗಿದೆ. ಒಡೆದರೆ ಬಿರುಕು ಕಣಗಳನ್ನು ಸೀಳಿಕೊಂಡೇ ಹೋಗುತ್ತದೆ, ಮೈ ಕಲ್ಲುಸಕ್ಕರೆಯ ಒಡಕಿನಂತೆ ಹೊಳೆಯುತ್ತದೆ. ಸಂದೇಹವಿದ್ದರೆ ಒಂದು ಹನಿ ನೀರು ಸಾಕು: ಸಡಿಲ ಮರಳುಗಲ್ಲು ಅದನ್ನು ಹೀರಿಕೊಳ್ಳುತ್ತದೆ, ಕ್ವಾರ್ಟ್ಸೈಟಿನ ಮೇಲೆ ಹನಿ ಹಾಗೇ ನಿಲ್ಲುತ್ತದೆ. ಎರಡರ ನಡುವೆ ಗಡಿಗೆರೆ ಇಲ್ಲ. ಒಂದೇ ಗುಡ್ಡದಲ್ಲಿ ಅಂಟು ಹೆಚ್ಚಾದಂತೆ ಮರಳುಗಲ್ಲು ಕ್ವಾರ್ಟ್ಸೈಟಿನತ್ತ ಸರಿಯುವುದುಂಟು, ಆಗ ಒಂದೇ ಹೆಸರಿಗೆ ಹಟ ಹಿಡಿಯುವುದು ಸರಿಯಲ್ಲ.

ಕಲಾದಗಿ ಶಿಲೆಗಳ ಬುಡದಲ್ಲಿ ಗುಂಡುಕಲ್ಲುಗಳನ್ನು ಮರಳಿನ ಅಂಟಿನಲ್ಲಿ ಹುದುಗಿಸಿದ ಕಾಂಗ್ಲೋಮರೇಟ್ ಇದೆ. ಇದನ್ನು ಯಾರೂ ತಪ್ಪಾಗಿ ಗುರುತಿಸಲಾರರು, ಹಳೆಯ ಕಾಂಕ್ರೀಟಿನ ತುಂಡು ಎದುರಾದಾಗ ಮಾತ್ರ ಒಂದು ಕ್ಷಣ ಗೊಂದಲವಾಗಬಹುದು. ಕಾಂಕ್ರೀಟಿನ ಕಲ್ಲುಗಳು ಸಾಮಾನ್ಯವಾಗಿ ಯಂತ್ರದಲ್ಲಿ ಒಡೆದ ಚೂಪು ಜಲ್ಲಿ, ಅಂಟಿನಲ್ಲಿ ಗಾಳಿಯ ದುಂಡು ತೂತುಗಳಿರುತ್ತವೆ. ನಿಸರ್ಗದ ಶಿಲೆಯಲ್ಲೂ ಚೂರುಗಳು ಚೂಪಾಗಿದ್ದರೆ ಅದು ಬ್ರೆಕ್ಸಿಯಾ. ಅಂಥ ಚೂರುಗಳು ದೂರ ಸಾಗಿಲ್ಲ, ಬುಡದಲ್ಲೇ ಬಿದ್ದು ಬೆಸೆದಿವೆ. ಕಾಂಗ್ಲೋಮರೇಟಿನ ಒಳಗಿನ ಗುಂಡುಕಲ್ಲುಗಳನ್ನು ಒಂದೊಂದಾಗಿ ಗುರುತಿಸುವುದೇ ಅದರ ನಿಜವಾದ ಓದು, ಏಕೆಂದರೆ ಅಲ್ಲಿ ಬೆಣಚು, ಜಾಸ್ಪರ್, ನೈಸ್ ಸಿಕ್ಕರೆ ಆ ಬಂಡೆಗಳು ಆಗಲೇ ಗುಡ್ಡಗಳಾಗಿ ನಿಂತು ಸವೆಯುತ್ತಿದ್ದವು ಎಂದು ತಿಳಿಯುತ್ತದೆ.

ಶೇಲ್ ಎಂಬುದು ಗಟ್ಟಿಯಾದ ಜೇಡಿ. ತೆಳು ಹಾಳೆಗಳಾಗಿ ಬಿಡಿಸಿಕೊಳ್ಳುತ್ತದೆ, ಚಾಕುವಿಗೆ ಸುಲಭವಾಗಿ ಕೆರೆಯುತ್ತದೆ, ಬಾಯಿಯ ಬಿಸಿ ಉಸಿರು ಬಿಟ್ಟರೆ ಮೊದಲ ಮಳೆಯ ಮಣ್ಣಿನ ವಾಸನೆ ಬರುತ್ತದೆ. ಹಾಳೆಗಳಾಗದೆ ಗಡ್ಡೆಯಾಗಿ ಒಡೆಯುವುದು ಜೇಡಿಗಲ್ಲು. ಶೇಲನ್ನು ಸ್ಲೇಟಿನೊಂದಿಗೆ ಹಲವರು ಬೆರೆಸುತ್ತಾರೆ. ಸ್ಲೇಟನ್ನು ತಟ್ಟಿದರೆ ಕಣಕಣ ನಾದ, ಶೇಲಿನದು ಮಂದ ಸದ್ದು. ಶೇಲ್ ಮೃದುವಾದ್ದರಿಂದ ಎತ್ತರದಲ್ಲಿ ನಿಲ್ಲುವುದಿಲ್ಲ. ಮರಳುಗಲ್ಲಿನ ದಿಬ್ಬಗಳ ನಡುವಿನ ತಗ್ಗಿನಲ್ಲಿ, ಬಾವಿ ತೋಡಿದ ಮಣ್ಣಿನಲ್ಲಿ, ರಸ್ತೆ ಕಡಿದ ಅಂಚಿನಲ್ಲಿ ಅದನ್ನು ಹುಡುಕಬೇಕು.

ಸುಣ್ಣಕಲ್ಲಿನ ಊರು ಶಹಾಬಾದ್. ಅಲ್ಲಿಂದ ವಾಡಿ, ಸೇಡಂ, ಮಳಖೇಡದವರೆಗೂ ನೆಲದಡಿ ಅದೇ ಕಲ್ಲು. ಸಿಮೆಂಟ್ ಕಾರ್ಖಾನೆಗಳು ಆ ಸಾಲಿನಲ್ಲೇ ಎದ್ದು ನಿಂತಿರುವುದು ಅದಕ್ಕಾಗಿಯೇ. ಕಣಿಯಲ್ಲಿ ಪದರಗಳು ಒಂದರ ಮೇಲೊಂದು ಸಮತಟ್ಟಾಗಿ ಕೂತಿರುತ್ತವೆ. ಕಲ್ಲು ಒಡೆಯುವವರು ಸಂದಿಗೆ ಉಳಿಯಿಟ್ಟು ಹೊಡೆದು ಚಪ್ಪಡಿ ಎಬ್ಬಿಸುತ್ತಾರೆ. ಉತ್ತರ ಕರ್ನಾಟಕದ ಎಷ್ಟೋ ಮನೆಗಳ ನೆಲಕ್ಕೆ ಹಾಸಿದ ಫರಸಿ ಇದೇ. ಕಣ ಎಷ್ಟು ನುಣುಪೆಂದರೆ ಮಸೂರಕ್ಕೂ ಕಾಣದು. ಪುಟ್ಟ ತುಂಡನ್ನು ಒಡೆದರೆ ಚಿಪ್ಪಿನ ಆಕಾರದ ಬಾಗು ಮೈ ಏಳುತ್ತದೆ. ಕೆಲವು ಚಪ್ಪಡಿಗಳ ಅಂಚಿನಲ್ಲಿ ಹಲ್ಲು ಹಲ್ಲಾಗಿ ಏರಿಳಿಯುವ ಕಪ್ಪು ಗೆರೆ ಓಡುತ್ತದೆ. ಒತ್ತಡದಲ್ಲಿ ಸುಣ್ಣ ಕರಗಿಹೋಗಿ, ಕರಗದ ಜೇಡಿ ಅಲ್ಲಿ ಉಳಿದದ್ದು. ಗ್ರಾನೈಟಿನಲ್ಲಿ ಅಂಥ ಗೆರೆ ಸಿಗದು.

ಲೋಕಾಪುರ, ಬಾಗಲಕೋಟೆಯ ಸುತ್ತ ಸುಣ್ಣಕಲ್ಲಿನ ಜೊತೆ ಡಾಲೊಮೈಟ್ ಇದೆ. ಅದರಲ್ಲಿ ಅಲ್ಲಲ್ಲಿ ಗುಮ್ಮಟಗಳನ್ನು ಒಂದರ ಮೇಲೊಂದು ಇಟ್ಟಂತೆ ಬಾಗಿದ ತೆಳುಪದರಗಳು ಕಾಣುತ್ತವೆ. ಇವು ಸ್ಟ್ರೊಮೆಟೊಲೈಟ್‌ಗಳು: ಆಳವಿಲ್ಲದ ಸಮುದ್ರದ ತಳದಲ್ಲಿ ಹಾಸಿನಂತೆ ಬೆಳೆದ ಸೂಕ್ಷ್ಮಜೀವಿಗಳು ಸುಣ್ಣದ ಹೂಳನ್ನು ಹಿಡಿದು ಹಿಡಿದು ಕಟ್ಟಿದವು. ಈ ಪದರಗಳ ವಯಸ್ಸು ನೂರು ಕೋಟಿ ವರ್ಷಕ್ಕೂ ಹೆಚ್ಚು. ಚಿಪ್ಪು, ಮೂಳೆ ಇರುವ ಪ್ರಾಣಿಗಳು ಆಗಿನ್ನೂ ಹುಟ್ಟಿರಲಿಲ್ಲ. ಹಾಗಾಗಿ ಇಲ್ಲಿ ಶಂಖ, ಮೀನಿನ ಪಳೆಯುಳಿಕೆ ಹುಡುಕುವುದು ವ್ಯರ್ಥ. ಅವು ಬೇಕಿದ್ದವರು ತಮಿಳುನಾಡಿನ ಅರಿಯಲೂರಿಗೆ ಹೋಗಬೇಕು, ಇಲ್ಲವೇ ಗುರುಮಠಕಲ್ ಕಡೆ ಲಾವಾ ಪದರಗಳ ನಡುವೆ ಸಿಕ್ಕಿಕೊಂಡ ಕೆರೆಯ ಹೂಳಿನಲ್ಲಿ ಸಿಹಿನೀರ ಬಸವನಹುಳುವಿನ ಚಿಪ್ಪು ನೋಡಬೇಕು.

ಸುಣ್ಣಕಲ್ಲಿನ ನಡುವೆ ಗಂಟುಗಂಟಾಗಿ, ಪಟ್ಟಿಯಾಗಿ ಬರುವ ಚರ್ಟ್ ಅಪ್ಪಟ ಸಿಲಿಕ. ಹುಳಿಗೆ ಜಗ್ಗದು, ಉಕ್ಕಿಗೂ ಜಗ್ಗದು, ಒಡೆದ ಅಂಚು ಚರ್ಮ ಸೀಳುವಷ್ಟು ಹರಿತ. ಆದಿಮಾನವರು ಈ ಬಗೆಯ ಕಲ್ಲುಗಳನ್ನು ನಮ್ಮ ಕಾಲದ ಪರಿಣತರಷ್ಟೇ ಚೆನ್ನಾಗಿ ಬಲ್ಲವರಾಗಿದ್ದರು. ಹುಣಸಗಿ ಬಳಿಯ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅಗೆದು ತೋರಿಸಿದ, ಸುಮಾರು 12 ಲಕ್ಷ ವರ್ಷ ಹಿಂದಿನದೆಂದು ಅಂದಾಜಿಸಿರುವ ನೆಲೆಯಲ್ಲಿ ಕೈಗೊಡಲಿಗಳನ್ನು ಮಾಡಿರುವುದು ಸಿಲಿಕ ತುಂಬಿ ಗಟ್ಟಿಯಾದ ಸುಣ್ಣಕಲ್ಲಿನಿಂದ. ಮಲಪ್ರಭೆಯ ದಂಡೆಯಲ್ಲಿ ಆಯ್ಕೆಯಾದದ್ದು ಕ್ವಾರ್ಟ್ಸೈಟ್.

ಕಣಶಿಲೆಯಲ್ಲದಿದ್ದರೂ ಹಾಗೆ ತೋರುವ ಎರಡನ್ನು ಇಲ್ಲೇ ಬೇರ್ಪಡಿಸಬೇಕು. ಕರಾವಳಿಯ ಮುರಕಲ್ಲು, ಬೀದರ್ ಕೋಟೆಗೆ ಬಳಸಿದ ಕೆಂಪುಕಲ್ಲು ಎರಡೂ ಲ್ಯಾಟರೈಟ್. 1807ರಲ್ಲಿ ಫ್ರಾನ್ಸಿಸ್ ಬುಕಾನನ್ ಆ ಹೆಸರು ಕೊಟ್ಟ. ತೂತುಗಳು, ಕೆಂಪು ಹಳದಿ ಮಚ್ಚೆಗಳು ಅದರ ಗುರುತು. ಬಂಡೆ ನಿಂತಲ್ಲೇ ಕೊಳೆತು, ಕರಗುವುದೆಲ್ಲ ಕರಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ಉಳಿದ ಕಲ್ಲದು. ಕಣಗಳನ್ನು ಯಾವ ಹೊಳೆಯೂ ತಂದು ಹಾಕಿಲ್ಲ. ಎರಡನೆಯದು ಎರೆಮಣ್ಣಿನಲ್ಲಿ ಸಿಗುವ ಬಿಳಿ ಸುಣ್ಣದ ಹರಳು. ಅದು ಹುಳಿಗೆ ನೊರೆಯುಕ್ಕಿಸುತ್ತದೆ, ಆದರೆ ಮಣ್ಣಿನೊಳಗೆ ತೀರ ಈಚೆಗೆ ಗಂಟುಕಟ್ಟಿದ್ದು. ಬೇರೆ ಕಲ್ಲುಗಳ ಹೊರಮೈಗೂ ಇದು ತೆಳುವಾಗಿ ಮೆತ್ತಿಕೊಳ್ಳುವುದರಿಂದ, ಹನಿಯನ್ನು ಒಡೆದ ಮೈಗೆ ಬಿಡದೆ ಹೊರಮೈಗೆ ಬಿಟ್ಟವರು ನೈಸನ್ನೂ ಸುಣ್ಣಕಲ್ಲೆಂದು ಬರೆದುಕೊಳ್ಳುತ್ತಾರೆ.

ನದಿಯ ಗುಂಡುಕಲ್ಲಿನ ವಿಷಯ ಸ್ವಲ್ಪ ಬೇರೆ. ಬಂಡೆಯಿಂದ ಕಳಚಿದ ಕಲ್ಲು ಉರುಳಿ, ಡಿಕ್ಕಿ ಹೊಡೆದು ಮೊದಲ ಕೆಲವು ಕಿಲೋಮೀಟರುಗಳಲ್ಲೇ ಮೂಲೆಗಳನ್ನು ಕಳೆದುಕೊಳ್ಳುತ್ತದೆ. ಶೇಲ್ ಪುಡಿಯಾಗಿ ಮಾಯವಾಗುತ್ತದೆ, ಸುಣ್ಣಕಲ್ಲು ಸವೆದು ಕರಗುತ್ತದೆ, ಸಡಿಲ ಮರಳುಗಲ್ಲು ಮತ್ತೆ ಮರಳಾಗುತ್ತದೆ. ದೂರ ಸಾಗಿ ಉಳಿಯುವುದು ಬೆಣಚು, ಕ್ವಾರ್ಟ್ಸೈಟ್, ಚರ್ಟ್, ಅಗೇಟ್. ಆದ್ದರಿಂದ ಒಂದು ದಂಡೆಯ ಗುಂಡುಕಲ್ಲುಗಳ ಎಣಿಕೆ ಮೇಲ್ದಂಡೆಯ ಬಂಡೆಗಳ ನಿಜವಾದ ಪ್ರಮಾಣ ಹೇಳುವುದಿಲ್ಲ. ತದ್ವಿರುದ್ಧವಾಗಿ, ಒಂದು ಹಳ್ಳದಲ್ಲಿ ಶೇಲಿನ ಚಪ್ಪಟೆ ಬಿಲ್ಲೆ ಸಿಕ್ಕರೆ ಅದರ ಬಂಡೆ ಹತ್ತಿರದಲ್ಲೇ ಇರಬೇಕು.

ಹಾಲಿನಂತೆ ಬಿಳಿಯಾಗಿ, ಬಿಸಿಲಿಗೆ ಹಿಡಿದರೆ ಅಂಚಿನಲ್ಲಿ ಮಸುಕು ಬೆಳಕು ಹಾಯುವ ಗುಂಡುಕಲ್ಲು ಬೆಣಚು. ಎರಡನ್ನು ಕತ್ತಲಲ್ಲಿ ಉಜ್ಜಿದರೆ ಮಂಕು ಬೆಳಕು ಕಾಣುತ್ತದೆ. ಕ್ವಾರ್ಟ್ಸೈಟ್ ಗುಂಡಿನಲ್ಲಿ ಒದ್ದೆ ಮಾಡಿದಾಗ ಕಣಗಳ ಬಾಹ್ಯರೇಖೆ ಕಾಣುತ್ತದೆ. ಡಿಕ್ಕಿಯಿಂದಾದ ಅರ್ಧಚಂದ್ರದ ಸಣ್ಣ ಗಾಯಗಳು ಮೈತುಂಬ ಇರುತ್ತವೆ. ಕೃಷ್ಣೆ, ಘಟಪ್ರಭೆಗಳು ಲಾವಾ ಸೀಮೆಯನ್ನು ಹಾಯ್ದು ಬರುವುದರಿಂದ ಅವುಗಳ ಜಲ್ಲಿಯಲ್ಲಿ ಕಪ್ಪು, ಭಾರವಾದ ಬಸಾಲ್ಟ್ ಗುಂಡುಗಳೂ, ಲಾವಾದ ಗುಳ್ಳೆಗಳಲ್ಲಿ ತುಂಬಿಕೊಂಡಿದ್ದ ಅಗೇಟ್ ಮತ್ತು ಚಾಲ್ಸೆಡೊನಿಯೂ ಸಿಗುತ್ತವೆ. ಅಗೇಟಿನ ಹೊರಮೈ ಗುಳಿಬಿದ್ದು ಮಂಕಾಗಿದ್ದರೂ ಒದ್ದೆಯಾದಾಗ ಒಳಗಿನ ಪಟ್ಟಿಗಳು ಬೆಳಗುತ್ತವೆ. ಕೆಂಪು ಕಪ್ಪು ಪಟ್ಟಿಯಿದ್ದು ಗಾತ್ರಕ್ಕೆ ಮೀರಿ ಭಾರವೆನಿಸಿ, ಆಯಸ್ಕಾಂತವನ್ನು ಸೆಳೆದರೆ ಅದು ಪಟ್ಟಿಕಬ್ಬಿಣದ ಶಿಲೆ. ನದಿ ಉರುಟಾಗಿಸಿದ ಇಟ್ಟಿಗೆ, ಹಂಚು, ಗಾಜಿನ ಚೂರುಗಳೂ ಇವುಗಳ ನಡುವೆ ಧಾರಾಳ. ಇಟ್ಟಿಗೆ ಹಗುರ, ಸುಟ್ಟ ಕೆಂಪು ಒಳಗೂ ಒಂದೇ ಸಮ, ಪದರವಿಲ್ಲ.

ಕಲ್ಲು ಎತ್ತಿಕೊಳ್ಳುವ ಮೊದಲು ಅದು ಮಲಗಿದ್ದ ರೀತಿಯನ್ನೂ ನೋಡಬೇಕು. ಚಪ್ಪಟೆ ಗುಂಡುಕಲ್ಲುಗಳು ಹಳ್ಳದ ತಳದಲ್ಲಿ ಒಂದಕ್ಕೊಂದು ಒರಗಿ, ಕೆಳಗಿನ ಅಂಚನ್ನು ಹರಿವಿಗೆ ಎದುರಾಗಿಯೂ ಮೇಲಿನ ಅಂಚನ್ನು ಹರಿವಿನ ದಿಕ್ಕಿಗೂ ವಾಲಿಸಿಕೊಂಡಿರುತ್ತವೆ. ನೀರು ಬತ್ತಿದ ಬೇಸಿಗೆಯಲ್ಲೂ ಹೊಳೆ ಯಾವ ಕಡೆ ಹರಿಯುತ್ತಿತ್ತೆಂದು ಇದರಿಂದ ಹೇಳಬಹುದು. ನೂರಾರು ಕೋಟಿ ವರ್ಷ ಹಳೆಯ ಕಾಂಗ್ಲೋಮರೇಟಿನಲ್ಲೂ ಇದೇ ಒರಗು ಉಳಿದಿರುವುದುಂಟು.

ಸಂಗ್ರಹಿಸಿದ ಪ್ರತಿ ಕಲ್ಲಿಗೂ ಊರು, ಹಳ್ಳ ಅಥವಾ ಗುಡ್ಡದ ಹೆಸರು, ದಿನಾಂಕ, ಬಂಡೆಯಿಂದ ಕಳಚಿದ್ದೋ ಸಡಿಲವಾಗಿ ಬಿದ್ದಿದ್ದೋ ಎಂಬುದನ್ನು ಬರೆದ ಚೀಟಿ ಬೇಕು. ಸಡಿಲ ಕಲ್ಲು ತನ್ನ ಮೂಲವನ್ನು ತೋರದು, ಚೀಟಿ ಕಳೆದ ಕಲ್ಲು ಎಷ್ಟೇ ಚೆಂದವಿದ್ದರೂ ಅಧ್ಯಯನಕ್ಕೆ ಬಾರದು. ಬಾದಾಮಿ, ಐಹೊಳೆ, ಪಟ್ಟದಕಲ್ಲಿನ ಸಂರಕ್ಷಿತ ಆವರಣಗಳಲ್ಲಿ ಸುತ್ತಿಗೆ ಎತ್ತುವಂತಿಲ್ಲ, ಕಲ್ಲು ಒಯ್ಯುವಂತಿಲ್ಲ, ಗೋಡೆಗಳ ಮೇಲೆ ಆಮ್ಲ ಬಿಡುವಂತೆಯೂ ಇಲ್ಲ. ಅಲ್ಲಿ ಮಸೂರ ಮತ್ತು ಕಣ್ಣು ಸಾಕು. ಒಡೆದು ನೋಡಲು ರಸ್ತೆ ಬದಿಯ ಕಡಿತಗಳೂ, ಒಡೆಯರ ಒಪ್ಪಿಗೆ ಪಡೆದ ಕಣಿಗಳ ಹೊರಗೆ ರಾಶಿ ಬಿದ್ದ ಚೂರುಗಳೂ ಇವೆ.